ಪೂಜೆಯ ಪಂಚೆಯಲ್ಲಿ ಸೋಸಿದ ಮೇವು

ನನ್ನ ಜಾಗಕ್ಕೆ ಬಂದಿರುವ ರಮ್ಯಾ ಹೋದ ವಾರ ಮನೆ ಹುಡುಕಿಕೊಂಡು ಬಂದಿದ್ದಳು. ಇಬ್ಬರು ಮಕ್ಕಳ ತಾಯಿ, ಕೆಲಸಕ್ಕೆ ಹೊಸಬಳು. ನಮ್ಮ ಮೀನುಮರಿ ಕೇಂದ್ರದ ಏಳು ಕೊಳಗಳಲ್ಲಿ ಅವಳಿಗೆ ನಾಲ್ಕನೆಯದನ್ನು ಕೊಟ್ಟಿದ್ದಾರಂತೆ. ಕೂತವಳೇ, "ಅಮ್ಮ, ನೀರಲ್ಲಿ ಮೇವು ಅದೋ ಇಲ್ವೋ ಅಂತ ನೀವು ಎಂಗೆ ಕಂಡ್ಕತಿದ್ರಿ?" ಎಂದು ಕೇಳಿದಳು.

ಒಂದು ಲೋಟ ಕಾಫಿ ಮುಗಿಯುವಷ್ಟರಲ್ಲಿ ಹೇಳಿ ಮುಗಿಸುವ ಮಾತಲ್ಲ ಅದು. ಹೇಳಹೊರಟರೆ ನಾನು ಮಾಡಿದ ತಪ್ಪುಗಳನ್ನೂ ಹೇಳಬೇಕು. ಅದೇ ನಾಲ್ಕನೇ ಕೊಳದಲ್ಲಿ ನನ್ನ ಜಂಬದಿಂದ ಶಾಗ್ಯ ಊರಿನ ಹೆಂಗಸರ ಕೈಯಿಂದ ಅವರ ಕೆರೆ ಜಾರಿ ಹೋಗುವುದರಲ್ಲಿತ್ತಲ್ಲ, ಅದನ್ನಂತೂ ಹೇಳಲೇಬೇಕು. ಬರೆದೇ ಕೊಡುತ್ತೇನೆ ಹೋಗವ್ವ ಅಂದೆ. ಬೆಳಗಿನ ಪೂಜೆ ಮುಗಿಸಿ, ಮಾದಪ್ಪನಿಗೆ ಕೈಮುಗಿದು ಬರೆಯಲು ಕೂತಿದ್ದೇನೆ.

ನಾನು ಯಳಂದೂರು ಕಡೆಯವಳು. ಮದುವೆಯಾಗಿ ಬಂದದ್ದು ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ದಾರಿಯ ಊರಿಗೆ. ಬೆಳಿಗ್ಗೆ ಲಿಂಗಪೂಜೆ ಆಗದೆ ಯಾರೂ ಬಾಯಿಗೆ ನೀರು ಹಾಕದ ಮನೆ. ಮೀನು, ಮಾಂಸದ ಮಾತೇ ಇಲ್ಲ. ಅಂಥ ಮನೆಯ ಸೊಸೆ ಇಪ್ಪತ್ತೊಂಬತ್ತು ವರ್ಷ ಮೀನು ಸಾಕಿದಳು, ಒಂದು ಮೀನಿನ ರುಚಿಯನ್ನೂ ನೋಡಲಿಲ್ಲ. ಕೆಲಸಕ್ಕೆ ಸೇರಿದಾಗ ನಮ್ಮತ್ತೆ ಪುಟ್ಟಮ್ಮಣ್ಣಿಯವರು ಹಿತ್ತಲಲ್ಲಿ ಒಂದು ಹಂಡೆ ನೀರು ಇಟ್ಟು ಕಟ್ಟಳೆ ಹಾಕಿದರು: "ಅಲ್ಲೇ ಮಿಂದ್ಕಂಡು ಒಳಕ್ಕೆ ಬಾ. ಮೀನ್ ವಾಸ್ನೆ ದೇವ್ರ ಮನೆಗಂಟ ಬರಕೂಡ್ದು." ಕೆಲಸ ಬಿಡು ಎಂದು ಮಾತ್ರ ಅವರು ಒಂದು ದಿನವೂ ಅನ್ನಲಿಲ್ಲ. ಹೊಲವೊಂದರಿಂದಲೇ ನಾಲ್ಕು ಮಕ್ಕಳ ಮನೆ ಸಾಗುವುದು ಕಷ್ಟವೆಂದು ಅವರಿಗೂ ಗೊತ್ತಿತ್ತು. ಹಂಡೆಯ ನೀರು ಯಾವಾಗಲೂ ಬೆಚ್ಚಗಿರುತ್ತಿತ್ತು. ಅದನ್ನು ಕಾಯಿಸುತ್ತಿದ್ದವರು ಯಾರೆಂದು ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು.

ಮೊದಲ ತಪ್ಪು ಮೊದಲ ತಿಂಗಳಲ್ಲೇ ಆಯಿತು. ನಾಲ್ಕನೆಯದು ಕೊಳ ಎಂದು ಹೆಸರಿಗಷ್ಟೇ. ಅದು ಸಿಮೆಂಟಿನ ದೊಡ್ಡ ತೊಟ್ಟಿ, ತಳಕ್ಕೆ ಮಣ್ಣು ಹಾಸಿರುತ್ತದೆ. ಕೇಂದ್ರದ ಹಳೆಯ ಆಳು, ರಾಮಾಪುರದ ಸಿದ್ದಣ್ಣ, "ನಾಳೀಕೆ ಮರಿ ಬತ್ತಾವೆ, ತೊಟ್ಟಿ ನೋಡ್ಕವ್ವ" ಎಂದು ಹೇಳಿ ಕೊಳ್ಳೇಗಾಲಕ್ಕೆ ಹೋದರು. ನೋಡಿದೆ. ಸಗಣಿ ಬಗ್ಗಡ, ಹಸಿರು ನೀರು, ಮೂಗು ಮುಚ್ಚಿಕೊಳ್ಳುವ ಹಿಂಡಿ ವಾಸನೆ. ಎಳೆ ಕೂಸುಗಳನ್ನು ಇದಕ್ಕೆ ಬಿಡುವುದೇ ಅಂದುಕೊಂಡೆ. ಸೀರೆ ಎತ್ತಿ ಕಟ್ಟಿ ನೀರೆಲ್ಲ ಹೊರಗೆ ಬಿಟ್ಟೆ, ತಳದ ಮಣ್ಣು ಬಾಚಿ ಹಾಕಿದೆ, ತೆಂಗಿನ ನಾರು ಸೋಪಿನ ಪುಡಿ ಹಾಕಿ ಗೋಡೆ ತಿಕ್ಕಿದೆ, ಬೋರ್‌ವೆಲ್ಲಿನ ತಿಳಿನೀರು ತುಂಬಿಸಿದೆ. ಕಟ್ಟೆಯ ಮೇಲೆ ಒಂದೆಳೆ ರಂಗೋಲಿಯನ್ನೂ ಬಿಟ್ಟೆ.

ಸಂಜೆ ಬಂದ ಸಿದ್ದಣ್ಣ ರಂಗೋಲಿ ನೋಡಿದರು, ನೀರು ನೋಡಿದರು.

"ಯಾರವ್ವ ಇದ ತೊಳ್ದೋರು?"

"ನಾನೇ ಕಣಣ್ಣ. ನೋಡಿ, ತಳ ಕಾಣ್ತದೆ."

"ತಳ ಕಾಣ್ತದೆ, ಅದೇ ಬಾಧೆ. ಹತ್ತು ದಿನದಿಂದ ಬೇಯ್ಸಿದ್ ಅಡುಗೇನ ಚೆಲ್ಬುಟ್ಟು ಪಾತ್ರೆ ಬೆಳಗಿ ಮಡಗಿದ್ದೀಯಲ್ಲವ್ವ."

ಮರಿಗಳನ್ನು ಬೇರೆ ಕೊಳಕ್ಕೆ ಬಿಟ್ಟರು. ನನ್ನನ್ನು ಬಯ್ಯಲಿಲ್ಲ. ಮಾರನೆಯ ದಿನ ಪಕ್ಕದಲ್ಲಿ ಕೂರಿಸಿಕೊಂಡು ಆ ಅಡುಗೆ ಏನೆಂದು ಹೇಳಿಕೊಟ್ಟರು. ಸಗಣಿಯನ್ನೂ ನೆನೆಸಿದ ಕಡ್ಲೆಕಾಯಿ ಹಿಂಡಿಯನ್ನೂ ನೀರಿಗೆ ಹಾಕಿದರೆ ನಾಲ್ಕು ದಿನದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹಸಿರು ಹುಟ್ಟುತ್ತದೆ. ಆ ಹಸಿರು ತಿನ್ನಲು ಕಣ್ಣಿಗೆ ಕಂಡೂ ಕಾಣದಂಥ ಹುಳ ಹುಟ್ಟುತ್ತವೆ. ಆ ಹುಳ ತಿನ್ನಲು ನಮ್ಮ ಮರಿ. ಹಸಿರು ಹುಳ ಎಲ್ಲ ಸೇರಿ ಇಂಗ್ಲಿಷಿನಲ್ಲಿ ಪ್ಲಾಂಕ್ಟನ್ ಅನ್ನುತ್ತಾರೆ, ಪುಸ್ತಕದಲ್ಲಿ ಪ್ಲವಕ ಎಂದು ಬರೆಯುತ್ತಾರೆ. ನಾವು ಕೆಲಸದವರು ಮೇವು ಅಂತಲೇ ಅನ್ನುತ್ತಿದ್ದೆವು.

ರಮ್ಯಾ, ಮರಿಗಳು ಉಣ್ಣುವುದನ್ನು ಪುರುಸೊತ್ತು ಮಾಡಿಕೊಂಡು ನೋಡು. ಬಂದ ಹೊಸದರಲ್ಲಿ ಅವು ಸೂಜಿಯ ಮೊನೆಯಷ್ಟು ಬಾಯಿಯಿಂದ ಒಂದೊಂದೇ ಹುಳ ಹಿಡಿಯುತ್ತವೆ, ನಾವು ಮೊರದಲ್ಲಿ ಅಕ್ಕಿಯ ಕಲ್ಲು ಆರಿಸುವ ಹಾಗೆ. ದೊಡ್ಡದಾದ ಮೇಲೆ ಕಾಟ್ಲಾ ಮೀನು ಆರಿಸುವುದನ್ನು ಬಿಟ್ಟು ಜರಡಿ ಹಿಡಿಯುತ್ತದೆ. ಕಿವಿರಿನ ಒಳಗೆ ಬಾಚಣಿಗೆಯ ಹಲ್ಲಿನಂಥದ್ದು ಇರುತ್ತದೆ. ಬಾಯಿ ತೆರೆದು ಮುಂದೆ ಹೋದರೆ ನೀರು ಕಿವಿರಿನಿಂದಾಚೆಗೆ ಹೋಗುತ್ತದೆ, ಮೇವು ಒಳಗೆ ನಿಲ್ಲುತ್ತದೆ. ಬೆಳಗಿನ ಎಳೆ ಬಿಸಿಲಿಗೆ ಮೇವು ಮೇಲೆ ಬಂದಾಗ ಮರಿಗಳ ಹಿಂಡೂ ಮೇಲೆ, ಬಿಸಿಲೇರಿ ಅದು ಕೆಳಗಿಳಿದರೆ ಹಿಂಡೂ ಕೆಳಗೆ. ಹೊಟ್ಟೆ ತುಂಬಿದ ಮರಿ ಹಿಂಡಿನಲ್ಲಿರುತ್ತದೆ. ಒಂದು ತಿರುಗಿದರೆ ಸಾವಿರ ತಿರುಗುತ್ತವೆ. ಇದೊಂದನ್ನು ನೆನಪಿಟ್ಟುಕೋ, ಮುಂದೆ ಬೇಕಾಗುತ್ತದೆ.

ಎರಡನೆಯ ತಪ್ಪು ಮಾಡಿಸಿದ್ದು ಭಕ್ತಿ. ದೇವಸ್ಥಾನದ ಕಲ್ಯಾಣಿಯಲ್ಲಿ ಮೀನಿಗೆ ಕಡ್ಲೆಪುರಿ ಹಾಕಿ ಬೆಳೆದವಳು ನಾನು. ಬಾಯಿ ತೆರೆದು ಮೇಲೆ ಬಂದ ಮೀನಿಗೆ ಹಾಕಿದರೆ ಪುಣ್ಯ. ಒಂದು ಸೋಮವಾರ, ಮೂರು ದಿನದಿಂದ ಮೋಡ ಮುಚ್ಚಿತ್ತು, ಬೆಳಿಗ್ಗೆ ಹೋದರೆ ತೊಟ್ಟಿಯ ಮರಿಗಳೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿವೆ. ಅಯ್ಯೋ ಹಸಿದಿವೆ ಎಂದು ಚೀಲದಲ್ಲಿದ್ದ ಪ್ರಸಾದದ ಪುರಿಯನ್ನು ಪುಡಿ ಮಾಡಿ ಉದುರಿಸಿದೆ, ಸಾಲದು ಅನ್ನಿಸಿ ಬುತ್ತಿಯ ಅನ್ನವನ್ನೂ ಹಿಚುಕಿ ಹಾಕಿದೆ. ಸಿದ್ದಣ್ಣ ದೂರದಿಂದಲೇ ಓಡಿ ಬಂದು ಬಕೆಟ್ಟಿನಿಂದ ನೀರೆತ್ತಿ ಎತ್ತರದಿಂದ ಸುರಿಯತೊಡಗಿದರು.

"ಅವು ಅನ್ನ ಕೇಳ್ತಿಲ್ಲ ಕಣವ್ವ, ಉಸ್ರು ಕೇಳ್ತಾವೆ. ನೀರೊಳಗೆ ಗಾಳಿ ಇಲ್ಲ. ನೀ ಆಕಿದ್ದು ಕೊಳ್ತು ಇನ್ನೂ ವಸಿ ಗಾಳಿ ತಿಂತದೆ. ಸುರಿ, ಸುರಿ."

ಇಬ್ಬರೂ ಮಧ್ಯಾಹ್ನದವರೆಗೆ ನೀರು ಎತ್ತಿ ಸುರಿದೆವು. ಅರ್ಧ ಉಳಿದವು. ಹೋದ ಅರ್ಧಕ್ಕಾಗಿ ಆವತ್ತು ಒಂದು ಹೊತ್ತು ಉಪವಾಸ ಇದ್ದೆ. ಉಳಿದ ಅರ್ಧಕ್ಕಾಗಿ ತುಪ್ಪದ ದೀಪ ಹಚ್ಚಿದೆ.

ಆಮೇಲೆ ಸಿದ್ದಣ್ಣ ಕೈ ಪರೀಕ್ಷೆ ಕಲಿಸಿದರು. ಮೊಣಕೈವರೆಗೆ ಕೈ ನೀರಿಗಿಟ್ಟು ನೋಡಬೇಕು. ಅಂಗೈ ಕಂಡರೆ ಮೇವು ಸಾಲದು, ಮಸುಕಾದರೆ ಸರಿಯಾಗಿದೆ, ಮೊಣಕೈ ಮುಳುಗುವ ಮೊದಲೇ ಅಂಗೈ ಮರೆಯಾದರೆ ಅತಿಯಾಯಿತು. ನನ್ನ ಕೈ ಅದರಲ್ಲಿ ಪಳಗಿತು. ಸಿದ್ದಣ್ಣ ನಿವೃತ್ತರಾಗಿ ಹೋದ ಮೇಲೆ ಹನೂರು ಕಡೆಯಿಂದ ಮರಿ ಕೊಳ್ಳಲು ಬಂದವರೂ "ಗೌರಮ್ಮನ ತೊಟ್ಟೀವು ಕೊಡಿ" ಎಂದು ಕೇಳುತ್ತಿದ್ದರು. ನಾನು ಖಾಯಂ ಆದದ್ದು, ಹುದ್ದೆಯ ಹೆಸರು ಬದಲಾದದ್ದು ಎಲ್ಲ ಈಚೆಗೆ ಸರಿಯಾಗಿ ನೆನಪಿಲ್ಲ. ಆ ಮಾತು ಮಾತ್ರ ಇವತ್ತಿಗೂ ಕಿವಿಯಲ್ಲಿದೆ. ಜಂಬ ಬಂದದ್ದೂ ಅಲ್ಲಿಂದಲೇ.

ಆಗ ಬಂದವರು ಶಾಲಿನಿ ಮೇಡಂ. ಓದಿದ ಹೆಣ್ಣುಮಗಳು, ನನ್ನ ತಂಗಿಯ ವಯಸ್ಸು, ಮೇಲಧಿಕಾರಿ. ಕೊಳವೆಯಂಥ ಸಣ್ಣ ಬಲೆ ತಂದರು. ಐದು ಬಕೆಟ್ ನೀರನ್ನು ಅದರಲ್ಲಿ ಸೋಸಿ, ನಿಂತದ್ದನ್ನು ಗಾಜಿನ ನಳಿಕೆಗೆ ಹಾಕಿ, ಚಿಟಿಕೆ ಉಪ್ಪು ಬಿಟ್ಟು, ತಳಕ್ಕೆ ಕೂತದ್ದೆಷ್ಟು, ಅದರಲ್ಲಿ ಹುಳ ಎಷ್ಟು ಎಂದು ನೋಡುವುದು ಅವರ ಕ್ರಮ. ಮೈಕ್ರೋಸ್ಕೋಪೂ ಬಂತು.

"ಗೌರಮ್ಮ, ಕೈ ಹಾಕಿದ್ರೆ ನೀರಿನ ಬಣ್ಣ ಗೊತ್ತಾಗುತ್ತೆ. ಒಳಗೆ ಯಾರಿದ್ದಾರೆ ಅಂತ ಗೊತ್ತಾಗಲ್ಲ" ಎಂದರು.

"ನನ್ನ ಕೈಗೆ ಹನ್ನೆರಡು ವರ್ಷ ಆಯ್ತು ಮೇಡಂ, ನಿಮ್ಮ ಬಲೆಗೆ ಹನ್ನೆರಡು ದಿನ" ಎಂದೆ.

ಅವರು ನಕ್ಕು ಬಲೆಯನ್ನು ಗೂಟಕ್ಕೆ ತೂಗುಹಾಕಿದರು. ಆವತ್ತೇ ಗದರಿದ್ದರೆ ಒಳ್ಳೆಯದಿತ್ತೇನೋ.

ಅದೇ ವರ್ಷ ಶಾಗ್ಯದ ಹತ್ತು ಹೆಂಗಸರು ಸಂಘ ಮಾಡಿಕೊಂಡು ಮೀನು ಸಾಕಲು ಊರ ಕೆರೆಯನ್ನು ಗುತ್ತಿಗೆ ಹಿಡಿದರು. ಅವರ ಮುಂದಾಳು ಮಾದೇವಿ, ಗಟ್ಟಿ ಗಂಟಲಿನ ಹೆಂಗಸು. ಕೆರೆಯ ಜೊಂಡನ್ನು ತಾವೇ ಕಿತ್ತು ದಡಕ್ಕೆ ಹಾಕಿದ್ದರು, ಕೈಯೆಲ್ಲ ಗೀರು. ಪಂಚಾಯಿತಿಯ ಷರತ್ತು ಒಂದೇ: ಗೌರಿ ಹಬ್ಬದೊಳಗೆ ಬೆರಳುದ್ದದ ಮರಿ ಕೆರೆಗೆ ಬಿದ್ದಿರಬೇಕು. ಬೀಳದಿದ್ದರೆ ಕೆರೆ ಮೊದಲಿನ ಗುತ್ತಿಗೆದಾರನಿಗೇ ಹೋಗುತ್ತದೆ. ಆ ಮನುಷ್ಯ ಟೀ ಅಂಗಡಿಯ ಮುಂದೆ ನಿಂತು, "ಮೀನ್ ಸಾಕೋದು ಅಂದ್ರೆ ಮುದ್ದೆ ತಿರುವ್ದಂಗಲ್ಲ ಕಣ್ರವ್ವ" ಅಂದನಂತೆ. ಅದನ್ನು ಹೇಳುವಾಗ ಮಾದೇವಿಯ ಕಣ್ಣು ಕೆಂಪಗಾಗಿತ್ತು.

"ನಿನ್ ನಂಬಿ ಬಂದಿವ್ನಿ ಕಣಕ್ಕ" ಎಂದಳು.

"ನಾಲ್ಕನೇ ತೊಟ್ಟಿ ನಿಂದೇ, ಓಗು" ಎಂದೆ.

ತೊಟ್ಟಿ ಹದ ಮಾಡಿ ಇಟ್ಟೆ. ಮರಿ ತರುವ ಗಾಡಿ ಒಂದು ವಾರ ತಡವಾಯಿತು. ಗಾಡಿ ಬಂದ ದಿನ ಮೇಡಂ ಮೀಟಿಂಗಿಗೆ ಚಾಮರಾಜನಗರಕ್ಕೆ ಹೋಗಿದ್ದರು. ಬಲೆ ಹಾಕಿ ನೋಡಿಯೇ ಮರಿ ಬಿಡಿ ಎಂದು ಹೇಳಿ ಹೋಗಿದ್ದರು. ನಾನು ಮೊಣಕೈವರೆಗೆ ಕೈ ಇಟ್ಟೆ. ಅಂಗೈ ಮಸುಕು, ನೀರು ಒಳ್ಳೆ ಹಸಿರು. ಬಲೆ ಗೂಟದಲ್ಲೇ ತೂಗುತ್ತಿತ್ತು. ಆಕ್ಸಿಜನ್ ತುಂಬಿದ ಪಾಕೀಟುಗಳನ್ನು ನೀರಿನ ಮೇಲೆ ತೇಲಿಸಿ, ಎರಡೂ ನೀರಿನ ಬಿಸುಪು ಸಮವಾದ ಮೇಲೆ ಬಾಯಿ ಬಿಚ್ಚಿ, ಮಾದಪ್ಪನ ಹೆಸರು ಹೇಳಿ ಮರಿ ಬಿಟ್ಟೆ.

ಎರಡನೆಯ ಬೆಳಿಗ್ಗೆ ಹೋಗಿ ನೋಡಿದೆ. ಹಿಂಡು ಇರಲಿಲ್ಲ. ಮರಿಗಳು ಒಂದಲ್ಲಿ ಒಂದಿಲ್ಲಿ ಗೋಡೆ ಹಿಡಿದು ಅಲೆಯುತ್ತಿದ್ದವು. ತಲೆ ದಪ್ಪ, ಮೈ ದಾರದ ಎಳೆ. ಬಾಯಿ ಬಿಡುತ್ತಿರಲಿಲ್ಲ, ಹಾಗಾಗಿ ಗಾಳಿಯ ತೊಂದರೆಯಲ್ಲ. ಇದು ಹಸಿವೆಯೇ.

ಮೇಡಂ ಬಂದು ನಳಿಕೆ ಹಿಡಿದು ನೋಡಿ, ಮೈಕ್ರೋಸ್ಕೋಪಿನ ಮುಂದೆ ನನ್ನನ್ನೇ ಕೂರಿಸಿದರು. ಹಸಿರು ಎಳೆ, ಹಸಿರು ಚುಕ್ಕಿ. ಅಲುಗಾಡುವ ಜೀವ ಒಂದೂ ಇಲ್ಲ. ಗಾಡಿ ತಡವಾದ ಆ ವಾರದಲ್ಲಿ ಹುಳ ಹುಟ್ಟಿ, ಹೆಚ್ಚಿ, ತೀರಿಹೋಗಿತ್ತು. ತಿನ್ನುವವರಿಲ್ಲದೆ ಹಸಿರು ಮಾತ್ರ ಬೆಳೆದು ನಿಂತಿತ್ತು. ಈ ವಯಸ್ಸಿನ ಮರಿಗೆ ಆ ಹಸಿರು ಆಗದು, ಹುಳವೇ ಬೇಕು.

"ಬಲೆ ಹಾಕಿ ನೋಡಿದ್ರಾ ಗೌರಮ್ಮ?"

"ಇಲ್ಲ ಮೇಡಂ. ಕೈ ಹಾಕಿದ್ದೆ."

ಅವರು ಮರಿ ಕೊಟ್ಟವರಿಗೆ ಫೋನ್ ಮಾಡಿದರು. ಈ ಸಲದ್ದು ಮುಗಿಯಿತು, ಇನ್ನು ಮರಿ ಇಲ್ಲ ಎಂದರಂತೆ. ಹೊಸದಾಗಿ ಮೇವು ಹುಟ್ಟಿಸಲು ವಾರ ಬೇಕು, ಮರಿಗಳಿಗೆ ಎರಡು ದಿನವೂ ಇಲ್ಲ.

ಆಗ ನೆನಪಾದದ್ದು ನಮ್ಮೂರಿನ ದನ ಮೈತೊಳೆಯುವ ಕುಂಟೆ. ಬೆಳಗಿನ ಹೊತ್ತು ಅದರ ಅಂಚಿನಲ್ಲಿ ಅಲ್ಲಲ್ಲಿ ನೀರು ಕೆಂಪಗೆ ಕಾಣುತ್ತಿತ್ತು, ರಾಗಿ ತೊಳೆದ ನೀರಿನ ಹಾಗೆ. ಹುಡುಗಿಯಾಗಿದ್ದಾಗ ಯಳಂದೂರಿನಲ್ಲೂ ಅಂಥದ್ದನ್ನು ನೋಡಿ ಕೊಳಕು ಎಂದು ಮುಖ ತಿರುಗಿಸಿದ್ದೆ. ಒಂದು ಚೊಂಬು ತಂದು ತೋರಿಸಿದೆ. ಮೇಡಂ ಗಾಜಿನ ಮೇಲೆ ಒಂದು ಹನಿ ಬಿಟ್ಟು ನೋಡಿದವರೇ, "ಇದೇ ಬೇಕಾಗಿತ್ತು. ತುಂಬಿ ತುಳುಕ್ತಾ ಇದೆ. ಆದ್ರೆ ಸೋಸೋದು ಯಾವುದ್ರಲ್ಲಿ? ನನ್ನ ಬಲೆ ಅಂಗೈಯಗಲ" ಎಂದರು.

ದೊಡ್ಡ ಬಟ್ಟೆ ಬೇಕು. ನೀರು ಇಳಿಯಬೇಕು, ಹುಳ ನಿಲ್ಲಬೇಕು. ನನ್ನ ಪಾಲಿಯೆಸ್ಟರ್ ಸೀರೆ ಆಗಲಿಲ್ಲ, ಹೊಸ ಟವೆಲ್ಲಿನಲ್ಲಿ ನೀರೇ ಇಳಿಯಲಿಲ್ಲ. ತೊಳೆದು ತೊಳೆದು ಮೆತ್ತಗಾದ ತೆಳು ಹತ್ತಿ ಬಟ್ಟೆಯೇ ಆಗಬೇಕಿತ್ತು. ನಮ್ಮ ಮನೆಯಲ್ಲಿ ಅಂಥದ್ದು ಒಂದೇ ಒಂದು. ತೀರಿಹೋದ ಮಾವನವರು ಪೂಜೆಗೆ ಉಡುತ್ತಿದ್ದ ಪಂಚೆ. ಅತ್ತೆ ಅದನ್ನು ಮಡಿಸಿ ದೇವರ ಗೂಡಿನ ಪಕ್ಕದಲ್ಲಿ ಇಟ್ಟಿದ್ದರು.

ಹಿತ್ತಲಲ್ಲಿ ಮಿಂದು, ಒಳಗೆ ಹೋಗಿ, ಕೂತು ಕೇಳಿದೆ. ಸುಳ್ಳು ಹೇಳಲಿಲ್ಲ.

"ಉಳ ಇಡಿಯಕ್ಕೆ ನಿಮ್ಮಾವನ ಪೂಜೆ ಪಂಚೆ ಬೇಕಾ?" ಎಂದರು ಅತ್ತೆ. "ಉಳಾನ ಸಾಯ್ಸಿ ಮೀನ್ಗಾಕಿ, ಮೀನ್ ದೊಡ್ದಾದ್ಮೇಲೆ ಯಾರೋ ಅದ ತಿನ್ನಾಕಾ?"

"ನನ್ ತಪ್ಪಿಂದ ಮರಿಗಳು ಅಸ್ಕೊಂಡವೆ ಕಣತ್ತೆ. ಶಾಗ್ಯದೋರು ನನ್ ನಂಬವ್ರೆ."

ಅತ್ತೆ ಎದ್ದರು. ಒಲೆಯ ಮೇಲಿನ ಹಾಲು ಇಳಿಸಿದರು, ಸೆರಗಿಗೆ ಕೈ ಒರೆಸಿಕೊಂಡರು, ಹೋಗಿ ಪಂಚೆ ತಂದು ನನ್ನ ಮಡಿಲಿಗೆ ಹಾಕಿದರು.

"ಮನೆ ಬಾಗ್ಲಿಗೆ ಬಂದೋರ್ನ ಅಸ್ದು ಕಳಿಸ್ದೋರಲ್ಲ ನಿಮ್ಮಾವ. ತಕಂಡೋಗು. ಬಟ್ಟೆ ಅರೀಬೇಡ."

ಮಾರನೆಯ ದಿನ ಹೊತ್ತು ಮೂಡುವಾಗಲೇ ಕುಂಟೆಗೆ ಇಳಿದೆ. ಮೊದಲು ಸೊಳ್ಳೆಪರದೆಯ ತುಂಡಿನಲ್ಲಿ ಸೋಸಬೇಕು, ಮರಿಗಳನ್ನೇ ಹಿಡಿದು ತಿನ್ನುವ ದೊಡ್ಡ ನೀರುಹುಳಗಳು ಅದರಲ್ಲಿ ನಿಲ್ಲುತ್ತವೆ. ಇಳಿದ ನೀರನ್ನು ಪಂಚೆಯ ಮೇಲೆ ಸುರಿಯಬೇಕು. ನಡುವಿನಲ್ಲಿ ಕೆಂಪಗೆ, ತೆಳ್ಳನೆಯ ಅಂಬಲಿಯಂತೆ ನಿಂತದ್ದನ್ನು ಜೀವ ಹೋಗದ ಹಾಗೆ ಬಿಂದಿಗೆಯ ನೀರಿಗೆ ಜಾಲಾಡಿಸಿ ಸೈಕಲ್ಲಿಗೆ ಕಟ್ಟಿ ಒಯ್ಯಬೇಕು. ಒಬ್ಬಳಿಂದ ಎಷ್ಟಾದೀತು. ಎರಡು ಬಿಂದಿಗೆ ತುಂಬುವ ಹೊತ್ತಿಗೆ ಬಿಸಿಲೇರಿತು, ಕೆಂಪು ಕೆಳಗಿಳಿಯಿತು.

ಅವತ್ತೇ ಮಾದೇವಿ ಮರಿ ನೋಡಲು ಬಂದಳು. ಮೇಡಂ ನನ್ನ ಮುಖ ನೋಡಿದರು. ನಾನೇ ಹೇಳಿದೆ, ಬಲೆ ಹಾಕಬೇಕಾಗಿತ್ತು, ಹಾಕಲಿಲ್ಲ, ನಿನ್ನ ಕೆರೆಗೆ ಮರಿ ಸಿಗುವುದೋ ಇಲ್ಲವೋ ಈಗ ಹೇಳಲಾರೆ ಎಂದೆ. ಮಾದೇವಿ ತೊಟ್ಟಿಯ ಕಟ್ಟೆಯ ಮೇಲೆ ಕುಕ್ಕರುಗಾಲಲ್ಲಿ ಕೂತು ಚೆದುರಿದ ಮರಿಗಳನ್ನೇ ನೋಡಿದಳು.

"ಆ ಟೀ ಅಂಗ್ಡಿ ಮುಂದ್ಲ ನಗಾ ಕೇಳ್ತಾ ಅದೆ ನಂಗೆ ಇಲ್ಲಿಗಂಟ" ಎಂದಳು. ಆಮೇಲೆ ಎದ್ದು ಸೆರಗು ಸಿಕ್ಕಿಸಿಕೊಂಡಳು. "ನೀ ಸುಮ್ಕಿದ್ದಿದ್ರೆ ನಂಗೇನ್ ಗೊತ್ತಾಯ್ತಿತ್ತು. ಏಳ್ದೆ, ಒಳ್ಳೇದಾಯ್ತು. ಬಿಂದ್ಗೆ ಯಾವ್ದು ಒರ್ಬೇಕು ತೋರ್ಸು."

ಮಾರನೆಯ ಬೆಳಿಗ್ಗೆ ಮೊದಲನೇ ಬಸ್ಸಿಗೆ ನಾಲ್ಕು ಹೆಂಗಸರನ್ನು ಕರೆತಂದಳು. ಇಬ್ಬರು ಪಂಚೆ ಹಿಡಿದರೆ ಇಬ್ಬರು ಸುರಿಯುವುದು. ದನ ತೊಳೆಯಲು ಬಂದವರು, "ಏನ್ರವ್ವ, ಕುಂಟೆ ನೀರಲ್ಲಿ ಸೀಕರಣೆ ಮಾಡ್ತಿದ್ದೀರಾ?" ಎಂದು ಆಡಿಕೊಂಡರು. "ಊಟಕ್ಕೆ ಕೂತ್ಕ ಬಾ, ಎಲೆ ಆಕ್ತೀವಿ" ಎಂದಳು ಮಾದೇವಿ. ಮೇಡಂ ದಿನವೂ ಬಲೆ ಹಾಕಿ, ನಳಿಕೆ ನೋಡಿ, ಇವತ್ತು ಇಷ್ಟು ಬಿಂದಿಗೆ ಸಾಕು, ಇನ್ನು ಬೇಡ ಎಂದು ಹೇಳುತ್ತಿದ್ದರು. ಈಗ ನಾನು ಅವರು ಹೇಳಿದ ಲೆಕ್ಕಕ್ಕೆ ಒಂದು ಬಿಂದಿಗೆ ಹೆಚ್ಚೂ ಹಾಕಲಿಲ್ಲ.

ಒಂದು ದಿನ ಮೈಕ್ರೋಸ್ಕೋಪಿನಲ್ಲಿ ಆ ಕೆಂಪು ಹುಳವನ್ನು ನೋಡಿದೆ. ಬೆನ್ನಿನ ಚೀಲದಲ್ಲಿ ಮರಿಗಳನ್ನು ಹೊತ್ತುಕೊಂಡಿತ್ತು. ಬಸುರಿ ತಾಯಿಯನ್ನು ಒಯ್ದು ಇನ್ನೊಂದರ ಬಾಯಿಗೆ ಹಾಕುತ್ತಿದ್ದೇನಲ್ಲ ಎಂದು ಗಾಜಿನಿಂದ ಕಣ್ಣು ತೆಗೆದೆ. ಸಂಜೆ ದೇವರ ಮುಂದೆ ಕೂತಾಗ ಒಂದು ತಿಳಿವಳಿಕೆ ಬಂತು. ಈ ಊಟದ ಸಾಲನ್ನು ಹಾಕಿದವಳು ನಾನಲ್ಲ. ನಾನು ಬಡಿಸುವವಳು. ಬಡಿಸುವವಳು ಕಣ್ಣಿಟ್ಟು ಬಡಿಸಬೇಕು, ಪಂಕ್ತಿಯಲ್ಲಿ ಯಾರನ್ನೂ ಮರೆಯಬಾರದು. ನನಗೆ ಅಷ್ಟು ಸಾಕಾಯಿತು.

ಐದನೆಯ ಬೆಳಿಗ್ಗೆ ಬಿಂದಿಗೆ ಇಳಿಸಿ ತೊಟ್ಟಿಗೆ ಬಗ್ಗಿದೆ. ಮೂಲೆಯಲ್ಲಿ ಒಂದು ನೆರಳು ಕಂಡಿತು. ಮೋಡದ್ದು ಅಂದುಕೊಂಡೆ, ಮೇಲೆ ನೋಡಿದರೆ ಮೋಡವಿಲ್ಲ. ನೆರಳು ತಿರುಗಿತು, ಎಲ್ಲ ಒಟ್ಟಿಗೇ ತಿರುಗಿ ಬೆಳ್ಳಗೆ ಮಿಂಚಿ ಮತ್ತೆ ಕಪ್ಪಾಯಿತು. ಹಿಂಡು ಕೂಡಿತ್ತು. "ಮೇಡಂ" ಎಂದು ಕೂಗಿದೆ. ಪಕ್ಕದಲ್ಲಿದ್ದ ಮಾದೇವಿ ನನ್ನ ಒದ್ದೆ ಕೈ ಹಿಡಿದುಕೊಂಡಳು.

ಕಾಲು ಭಾಗ ಸತ್ತಿದ್ದವು. ಉಳಿದವು ಶಾಗ್ಯದ ಕೆರೆಗೆ ಸಾಕಾಗುವಷ್ಟಿದ್ದವು. ಗೌರಿ ಹಬ್ಬಕ್ಕೆ ಮೂರು ದಿನ ಮುಂಚೆ, ಬೆರಳುದ್ದದ ಮರಿಗಳನ್ನು ಮಾದೇವಿ ತನ್ನ ಕೈಯಿಂದಲೇ ಕೆರೆಗೆ ಬಿಟ್ಟಳು. ಗುತ್ತಿಗೆದಾರ ಟೀ ಅಂಗಡಿ ಬಿಟ್ಟು ಏರಿಯ ಮೇಲೆ ಬಂದು ನಿಂತಿದ್ದ. "ನೋಡಣ್ಣ, ಮುದ್ದೆ ತಿರುವಿ ಬಿಟ್ಟಿವ್ನಿ" ಎಂದಳು. ಅವನೂ ನಕ್ಕ, ಪಾಪ.

ಆವತ್ತಿನಿಂದ ನನ್ನ ಕೈ ಕೆಲಸ ಬಿಡಲಿಲ್ಲ, ಆದರೆ ಬಲೆಯನ್ನು ಕೇಳದೆ ಮಾತಾಡುವುದನ್ನು ಬಿಟ್ಟಿತು. ಮೊದಲು ಕೈ ಇಡು, ಆಮೇಲೆ ಬಲೆ ಹಾಕು. ಎರಡೂ ಒಂದೇ ಮಾತು ಹೇಳಿದರೆ ಮರಿ ಬಿಡು, ಬಿಟ್ಟ ಮೇಲೆ ದಿನಾ ಬೆಳಿಗ್ಗೆ ಹಿಂಡು ನೋಡು. ರಮ್ಯಾ, ನೀನು ಕೇಳಿದ್ದಕ್ಕೆ ಉತ್ತರ ಇದೇ. ಆಮೇಲಿನ ವರ್ಷಗಳಲ್ಲಿ ನಾಲ್ಕನೇ ಕೊಳ ಹಸಿವಿನಿಂದ ಒಂದು ತಂಡವನ್ನೂ ಕಳೆದುಕೊಳ್ಳಲಿಲ್ಲ. ಇದನ್ನು ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ.

ಮರುವರ್ಷ ಕೆರೆಯಲ್ಲಿ ಮೊದಲ ಸಲ ಬಲೆ ಎಳೆದಾಗ ಮಾದೇವಿ ನಮ್ಮ ಮನೆಗೆ ಬಂದಳು. ಮೀನು ತರಲಿಲ್ಲ, ನಮ್ಮ ಮನೆಯ ನಡೆ ಅವಳಿಗೆ ಗೊತ್ತು. ಜಗಲಿಯ ಮೇಲೆ ಕೂತು ಕೊಳ್ಳೇಗಾಲದಲ್ಲಿ ತೆಗೆದ ಹೊಸ ಪಂಚೆಯೊಂದನ್ನು ಅತ್ತೆಯ ಮುಂದಿಟ್ಟಳು. ಹಳೆಯದು ಆ ಐದು ದಿನದ ಎಳೆದಾಟದಲ್ಲಿ ನಡುವೆ ಪಿಸಿದು ಹರಿದಿತ್ತು. ಹರಿಯಬೇಡ ಎಂದಿದ್ದರು ಅತ್ತೆ, ಹರಿದೇ ತಂದಿದ್ದೆ. ಅದಕ್ಕವರು ಬಯ್ದಿರಲಿಲ್ಲ.

ಅತ್ತೆ ಹೊಸ ಪಂಚೆಯ ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿದರು. "ವಸಿ ಬಿರುಸು ಅದೆ. ಇದ್ರಲ್ಲಿ ನೀರಿಳಿಯಲ್ಲ" ಎಂದರು. ನನ್ನ ಗಂಡನನ್ನು ಕರೆದು, "ಇದ ನೀನು ನಾಕ್ ವರ್ಷ ಪೂಜೆಗುಟ್ಕೊ. ಮೆತ್ತಗಾದ್ಮೇಲೆ ಇವ್ಳ ಮೀನ್ ಮಕ್ಕಳ್ಗೆ ಕೊಡಾನ" ಎಂದರು.

ಹಾಗೇ ಆಯಿತು. ನಾಲ್ಕು ವರ್ಷ ನಮ್ಮ ಯಜಮಾನರು ಉಟ್ಟರು, ಐದನೆಯ ವರ್ಷ ಅತ್ತೆಯೇ ತಮ್ಮ ಕೈಯಾರೆ ಮಡಿಸಿ ನನ್ನ ಬುತ್ತಿಚೀಲದ ಮೇಲಿಟ್ಟರು. ಈಗ ಅತ್ತೆ ಇಲ್ಲ. ಪಂಚೆ ನಾಲ್ಕನೇ ಕೊಳದ ಶೆಡ್ಡಿನಲ್ಲಿ, ಬಾಗಿಲ ಹಿಂದಿನ ಗೂಟದಲ್ಲಿ, ಮೇಡಂ ಅವರ ಬಲೆಯ ಪಕ್ಕ ಇದೆ. ಅದು ನಿನಗೆ, ತಾಯಿ. ಉಪಯೋಗಿಸಿದ ಮೇಲೆ ತಿಳಿನೀರಿನಲ್ಲಿ ಜಾಲಿಸಿ ನೆರಳಲ್ಲಿ ಒಣಗಿಸು. ಸೋಪು ಮಾತ್ರ ಹಾಕಬೇಡ.